ಬಾಟಲಿಯೊಳಗಿನ ಹತ್ತಿ

ನನ್ನ ಹೊಲಿಗೆ ಅಂಗಡಿಯ ಪಕ್ಕ ಬ್ಯೂಟಿ ಪಾರ್ಲರ್ ಇಟ್ಟಿರುವ ಗುಂಗುರು ಅಂದು ಸಂಜೆ ಮೊದಲ ಸಲ ನನ್ನನ್ನು ತನ್ನ ಮನೆಗೆ ಕರೆದೊಯ್ದು, ಕೈ ಹಿಡಿದು, "ಇಲ್ಲೇ ಇದ್ಬಿಡೇ ನನ್ ಜೊತೆ" ಅಂದಳು. ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಆದರೆ ನನಗೆ ಎಚ್‌ಐವಿ ಇದೆಯೆಂದು ಅವಳಿಗೆ ಹೇಳಿರಲಿಲ್ಲ. ಹೇಳಲು ಬಾಯಿ ತೆರೆದಾಗಲೆಲ್ಲ ರವಿಕೆ ಅಳತೆಯ ಮಾತೇ ಹೊರಬರುತ್ತಿತ್ತು. "ತಡಿ, ಟೀ ನಾನೇ ಮಾಡ್ತೀನಿ" ಎಂದು ಅಡುಗೆಮನೆಗೆ ತಪ್ಪಿಸಿಕೊಂಡೆ.

ಸಕ್ಕರೆ ಹುಡುಕುತ್ತ ಡಬ್ಬಿಗಳ ಹಿಂದೆ ಕೈ ಹಾಕಿದರೆ ಒಂದು ಮಾತ್ರೆ ಬಾಟಲಿ ಸಿಕ್ಕಿತು. ಲೇಬಲ್ ಕೆರೆದು ಕಿತ್ತಿದ್ದಳು. ಅಲ್ಲಾಡಿಸಿದೆ, ಸದ್ದೇ ಇಲ್ಲ. ಮುಚ್ಚಳ ತೆಗೆದರೆ, ಮಾತ್ರೆಗಳ ಮೇಲೆ ಕತ್ತಿನವರೆಗೂ ಪಾರ್ಲರಿನ ಹತ್ತಿ! ತಲೆನೋವಿನ ಮಾತ್ರೆಗೆ ಯಾರು ಇಷ್ಟು ಹತ್ತಿ ತುರುಕುತ್ತಾರೆ? ಹತ್ತಿಯ ಅಂಚು ಸರಿಸಿ ನೋಡಿದರೆ, ನನ್ನ ಚೀಲದ ಬಾಟಲಿಯಲ್ಲಿರುವ ಅದೇ ಎಚ್‌ಐವಿ ಮಾತ್ರೆ. ಬಸ್ಸಿನಲ್ಲಿ ಗಲಗಲ ಅನ್ನಬಾರದೆಂದು ನಾನು ತುರುಕಿದ್ದು ಬಟ್ಟೆ ಚೂರು, ಅಷ್ಟೇ ವ್ಯತ್ಯಾಸ.

ಬಾಗಿಲಿಗೆ ಬಂದ ಗುಂಗುರು ತನ್ನ ಬಾಟಲಿ ನನ್ನ ಕೈಯಲ್ಲಿ ಕಂಡು ಬಿಳಿಚಿಕೊಂಡಳು. ನಾನು ಹೆಗಲ ಚೀಲದಿಂದ ನನ್ನ ಬಾಟಲಿ ತೆಗೆದೆ. ಒಳಗಿನ ಬಟ್ಟೆ ಚೂರು ಕಿತ್ತೆಸೆದು ಅವಳ ಮುಖದೆದುರೇ ಗಲಗಲ ಅಲ್ಲಾಡಿಸಿದೆ.

"ಅಯ್ಯೋ ಪಾಪಿ, ನೀನೂನಾ? ಹೇಗಪ್ಪಾ ಹೇಳೋದು ಅಂತ ನಿದ್ದೆಗೆಟ್ಟು ಸಾಯ್ತಿದ್ನಲ್ಲೇ!" ಎಂದು ನಗುತ್ತ, ಅಳುತ್ತ, ನನ್ನನ್ನು ಬಾಚಿ ತಬ್ಬಿಕೊಂಡು ಮುತ್ತಿಟ್ಟಳು. ಆಮೇಲೆ ತನ್ನ ಹತ್ತಿಯನ್ನೂ ಕಿತ್ತೆಸೆದಳು. ಇಬ್ಬರೂ ಹುಚ್ಚು ಹಿಡಿದವರಂತೆ ಬಾಟಲಿ ಕುಣಿಸಿದೆವು.

ಕೆಳಮನೆಯ ಅಜ್ಜಿ ಕೂಗಿದರು: "ಯಾರೇ ಅದು, ಅಷ್ಟೊಂದು ಸದ್ದು ಮಾಡ್ತಿರೋದು?"

"ನಾವು ಅಜ್ಜಿ, ನಾವೇ!"