ಬಿಳಿ ಬಿಲ್ಲೆಯ ಕೋಲು

ಹೊಂಗೆ ಮರದಡಿ ಲ್ಯಾಪ್‌ಟಾಪ್ ತೆರೆದು ಕೂತ ಆ ಹುಡುಗಿ ಸರ್ಕಾರದವಳೇ ಎಂದು ಗುರುಮಲ್ಲಪ್ಪನವರಿಗೆ ಮೊದಲ ದಿನವೇ ಖಾತ್ರಿಯಾಯಿತು. ಇಲ್ಲದಿದ್ದರೆ ಹದಿನಾರು ಎಂಬಂಥ ಹಳ್ಳಿಗೆ ಬಂದು, ಬಾಡಿಗೆ ಕೋಣೆ ಹಿಡಿದು, ದಿನವಿಡೀ ಹೊಲದ ದಿಕ್ಕಿಗೇ ಮುಖ ಮಾಡಿಕೊಂಡು ಯಾರು ಕೂರುತ್ತಾರೆ? ಅದೂ ಸರಿಯಾಗಿ ಅವರ ಹೊಲಕ್ಕೇ!

ಅವಳ ಪಕ್ಕದಲ್ಲೊಂದು ಆಳೆತ್ತರದ ಬಿದಿರುಕೋಲು. ಅದರ ತುದಿಯಲ್ಲಿ ತಟ್ಟೆಯಷ್ಟಗಲದ ಬಿಳಿ ಬಿಲ್ಲೆ. ಸರ್ವೆಯವರು ಈಗೀಗ ಸರಪಳಿ ಎಳೆಯುವುದನ್ನು ಬಿಟ್ಟು ಇಂಥದೇ ಕೋಲು ನೆಟ್ಟು ಆಕಾಶದಿಂದ ಅಳತೆ ತರಿಸಿಕೊಳ್ಳುತ್ತಾರೆ. ಹೋದ ವರ್ಷ ಪಕ್ಕದೂರಲ್ಲಿ ಕೋಲು ನೆಟ್ಟು ಹೋದ ಮೂರನೇ ವಾರಕ್ಕೆ ಜೆಸಿಬಿ ಬಂದಿತ್ತು. ಬದುವಿನ ಜೊತೆ ದಾರಿ ಒತ್ತಿಕೊಂಡಿದ್ದ ಒಬ್ಬರ ಮಾನವೂ ಮಣ್ಣುಪಾಲಾಗಿತ್ತು.

ಗುರುಮಲ್ಲಪ್ಪನವರು ಹೆದರಲು ಕಾರಣವಿತ್ತು. ಹೊಲದ ಅಂಚಿಗೆ ಹಿಂದೆ ಬಂಡಿದಾರಿಯಿತ್ತು. ಉಳುವಾಗೆಲ್ಲ ಒಂದೊಂದು ಗೇಣು ಒಳಗೆ ಹಾಕಿಕೊಳ್ಳುತ್ತ ಅದನ್ನು ಪೂರ್ತಿ ನುಂಗಿದ್ದರು. ಅಲ್ಲಿ ಈಗ ರಸಬಾಳೆ. ಹಳೆ ಹೊಲದಲ್ಲಿ ನೆಟ್ಟಾಗಲೆಲ್ಲ ಮಣ್ಣಲ್ಲೇ ಉಳಿಯುವ ಸೊರಗು ರೋಗಕ್ಕೆ ಒಣಗಿದ್ದ ಬಾಳೆ, ಎಂದೂ ಬಾಳೆ ಕಾಣದ ದಾರಿಯ ಮಣ್ಣಿನಲ್ಲಿ ಸೊಗಸಾಗಿ ಎದ್ದಿತ್ತು. ಹದಿನಾಲ್ಕು ಗಿಡ, ಹದಿನಾಲ್ಕು ಗೊನೆ, ಕೊಯ್ಲಿಗೆ ಇನ್ನೊಂದೇ ತಿಂಗಳು. ದಾರಿ ಹೋದ ಮೇಲೆ ಆಚೆ ಹೊಲದ ಚಿಕ್ಕಮಾದು ಬೆಳೆಯನ್ನೆಲ್ಲ ತಲೆಮೇಲೆ ಹೊತ್ತು ಕೆರೆ ಏರಿ ಸುತ್ತಿ ಬರುತ್ತಿದ್ದ. ಹನ್ನೊಂದು ವರ್ಷದಲ್ಲಿ ಒಂದು ದಿನವೂ ಕೇಳಿರಲಿಲ್ಲ. ಕೇಳದಿದ್ದುದರಿಂದ ಇವರೂ ಮರೆತಿದ್ದರು.

ಮೂರನೇ ದಿನ ಮಜ್ಜಿಗೆ ಚೊಂಬು ಹಿಡಿದು ಹುಡುಗಿಯ ಬಾಯಿ ಬಿಡಿಸಲು ಹೋದರು. ಹೆಸರು ವಾಣಿಯಂತೆ.

“ಯಾವ ಆಪೀಸು ಮೇಡಮ್ಮೋರೆ ತಮ್ದು?”

“ಆಫೀಸೇ ಇಲ್ಲ ಅಂಕಲ್. ಕೂತಿದ್ದೇ ಆಫೀಸು. ಹೋದ ತಿಂಗಳು ಗೋಕರ್ಣ, ಈಗ ನಿಮ್ಮೂರು, ಮುಂದಿನ ವಾರ ಟಿ. ನರಸೀಪುರ. ಬೆಳಿಗ್ಗೆ ಹೊಳೆ ದಂಡೇಲಿ ನಡೆದು ಬಂದು ಕೆಲಸಕ್ಕೆ ಕೂತ್ರೆ ಎಷ್ಟು ಖುಷಿ ಗೊತ್ತಾ?”

“ಅಂಗಾರೆ ಸಂಬ್ಳ?”

“ಅದು ತಿಂಗಳು ತಿಂಗಳು ಬರುತ್ತೆ.”

ಮರದ ನೆರಳಲ್ಲಿ ಕೂತವರಿಗೆ ತಪ್ಪದೆ ಸಂಬಳ ಕೊಡುವವರು ಸರ್ಕಾರ ಬಿಟ್ಟರೆ ಇನ್ಯಾರು? ಅವರು ಹೀಗೆ ಯೋಚಿಸುತ್ತಿರುವಾಗಲೇ ವಾಣಿ ಫೋನು ನೋಡುತ್ತ ಕೇಳಿದಳು:

“ನರಸೀಪುರದ ಕಡೆಗೆ ಹೋಗೋಕೆ ಮ್ಯಾಪಲ್ಲಿ ಇಲ್ಲೊಂದು ದಾರಿ ತೋರಿಸ್ತಿದೆ. ಎಲ್ಲಿ ಅಂಕಲ್ ಅದು?”

ಗುರುಮಲ್ಲಪ್ಪನವರು ಬಾಳೆಗೆ ಅಡ್ಡವಾಗಿ ನಿಂತರು. “ಮಳೇಲಿ ಕೊಚ್ಚೋಯ್ತು,” ಎಂದವರೇ ಚೊಂಬನ್ನೂ ಬಿಟ್ಟು ಮನೆಗೆ ನಡೆದರು.

“ಯಾರೋ ಪಾಪದ ಹೆಣ್ಮಗ. ಅದರ ಮ್ಯಾಲೆ ಇದೇನ್ ಗುಮಾನಿ ನಿಮ್ದು?” ಎಂದರು ಹೆಂಡತಿ ವಿಶಾಲಮ್ಮ.

“ನೀ ಸುಮ್ಕಿರು. ನಾಳೆ ಭಾನ್ವಾರ, ಅವಳಿಗೆ ರಜ. ನೋಟೀಸು ಬರೋಕ್ ಮುಂಚೆ ದಾರಿ ದಾರಿಯಂಗೇ ಇರ್ಬೇಕು.”

“ಗೊನೆ ಇನ್ನೂ ಬಲ್ತಿಲ್ಲ ಕಣ್ರೀ!”

ಆಳು ಕರೆದರೆ ಸುದ್ದಿಯಾಗುತ್ತದೆಂದು ಭಾನುವಾರ ಒಬ್ಬರೇ ಮಚ್ಚು, ಗುದ್ದಲಿ ಹಿಡಿದರು. ಕಡಿದು, ಬುಡ ಅಗೆದು, ನೆಲ ಮಟ್ಟ ಮಾಡುವಷ್ಟರಲ್ಲಿ ಸಂಜೆಯಾಯಿತು. ಬದಿಗೆ ಬಿದ್ದ ಎಳೆ ಗೊನೆಗಳನ್ನು ನೋಡಿ ಅಳು ಬಂತು. ಯಾರೂ ಇಲ್ಲದ್ದರಿಂದ ಅತ್ತೂಬಿಟ್ಟರು.

ಸೋಮವಾರ ವಾಣಿ ಚೀಲ ಕಟ್ಟಿದ ಸ್ಕೂಟರಿನಲ್ಲಿ ಬಂದು ಕೋಲಿನ ಬಿಲ್ಲೆ ಬಿಚ್ಚತೊಡಗಿದಳು.

“ಅಳ್ತೆ ಮುಗೀತಾ ಮೇಡಂ?”

“ಯಾವ ಅಳತೆ?”

ಗುರುಮಲ್ಲಪ್ಪನವರು ಬಿಲ್ಲೆ ತೋರಿಸಿದರು. ಅವಳು ನಕ್ಕಳು. “ಇದು ಇಂಟರ್‌ನೆಟ್ಟಿಗೆ ಅಂಕಲ್. ಇಲ್ಲಿ ಸಿಗ್ನಲ್ ಸಿಗಲ್ವಲ್ಲ! ನಾನು ಮಕ್ಕಳ ಪುಸ್ತಕಕ್ಕೆ ಚಿತ್ರ ಬರೀತೀನಿ. ಅಯ್ಯೋ, ಬಾಳೆ ಎಲ್ಲಿ ಹೋಯ್ತು?” ಫೋನಿನಲ್ಲಿ ತಾನು ಬರೆದ ಚಿತ್ರ ತೋರಿಸಿದಳು. ಹದಿನಾಲ್ಕು ಗಿಡವೂ ಗೊನೆ ಹೊತ್ತು ನಿಂತಿದ್ದವು. ಅವಳು ಹೊಸ ದಾರಿಯಲ್ಲೇ ಕೈಬೀಸಿ ಹೊರಟುಹೋದಳು.

ಗುರುಮಲ್ಲಪ್ಪನವರು ಅವಳ ಬೆನ್ನಿಗೆ ಬೈಯಲೆಂದು ಬಾಯಿ ತೆರೆಯುವಷ್ಟರಲ್ಲಿ ಎದುರಿಗೆ ಎತ್ತಿನ ಗಾಡಿ ಬಂತು. ಚಿಕ್ಕಮಾದು ಇಳಿದು ಕೈಮುಗಿದ.

“ಕೇಳಕ್ ಬಾಯಿ ಬರ್ತಿರ್ನಿಲ್ಲ ಯಜಮಾನ್ರೆ. ನೀವಾಗೇ ಬಿಟ್ಕೊಟ್ರಿ. ಗೊನೆ ಇರೋ ಗಿಡ ಯಾರ್ ಕಡೀತಾರೆ?” ಅವನ ಕಣ್ಣು ಅಗೆದು ಹಾಕಿದ ಬುಡಗಳಲ್ಲಿ ಮರಿಯೊಡೆದಿದ್ದ ಬಾಳೆ ಕಂದುಗಳ ಮೇಲೆ ಬಿತ್ತು. “ಎಲ್ಡು ಕಂದು ತಗಂಡೋಗ್ಲಾ? ನಮ್ಮೊಲ್ದಲ್ಲಿ ಯಾವತ್ತೂ ಬಾಳೆ ಆಕಿಲ್ಲ, ಚೆನ್ನಾಗ್ ಬತ್ತದೆ. ಮೊದಲ್ನೇ ಗೊನೆ ನಿಮ್ಮನೇಗೇ.”

ಅವನ ನೆತ್ತಿಯಲ್ಲಿ ಹೊರೆ ಹೊತ್ತು ಹೊತ್ತು ಕೂದಲು ಸವೆದಿದ್ದುದನ್ನು ಗುರುಮಲ್ಲಪ್ಪನವರು ಅಂದೇ ನೋಡಿದ್ದು. ನಾಚಿಕೆಯಿಂದ ತಲೆ ತಗ್ಗಿತು. ನಾನಾಗಿ ಬಿಡಲಿಲ್ಲ ಕಣಪ್ಪ ಎನ್ನಹೊರಟವರು, ಬಗ್ಗಿ ಒಳ್ಳೊಳ್ಳೆಯ ಕಂದುಗಳನ್ನೇ ಆರಿಸಿ ತಾವೇ ಗಾಡಿಗೆ ತುಂಬತೊಡಗಿದರು. ಚಿಕ್ಕಮಾದು “ಸಾಕು ಬುಡಿ ಯಜಮಾನ್ರೆ” ಎಂದರೂ ನಿಲ್ಲಿಸಲಿಲ್ಲ.