ಅರ್ಧ ಕಟ್ಟಿದ ಮುಖ

ಸಿಲಾಸ್ ಥಾರ್ಪ್‌ನ ಕೆಳದವಡೆ ಹಾರಿಹೋದದ್ದು ಫ್ರಾನ್ಸಿನ ಅರಾಸ್ ಬಳಿಯ ಯುದ್ಧದ ಕಂದಕದಲ್ಲಿ, ಬೆಳಗಿನ ಚಹಾದ ಹೊತ್ತಿಗೆ. ಅಂದು ದಾಳಿಯಿರಲಿಲ್ಲ, ಫಿರಂಗಿಗಳೂ ಸುಮ್ಮನಿದ್ದವು. ಸಾರ್ಜೆಂಟ್ ಕ್ರಾಬ್‌ಗೆ ಬೇಜಾರಾಗಿತ್ತು, ಅಷ್ಟೆ.

"ಲೇ ಥಾರ್ಪ್, ಒಂದ್ಸಲ ತಲೆ ಎತ್ತಿ ನೋಡೋ. ಆ ಜರ್ಮನ್ ಗುರಿಕಾರ ತಿಂಡಿಗೆ ಎದ್ದು ಹೋಗಿರ್ಬೇಕು."

"ಬೇಡ ಸರ್."

"ನಿಮ್ಮಪ್ಪ ಚರ್ಚಲ್ಲಿ ಹುಲಿ ಹಂಗೆ ಹಾಡ್ತಾನೆ, ನೀನು ನೋಡಿದ್ರೆ ಇಲಿಮರಿ! ಎತ್ತೋ, ಇದು ಆರ್ಡರ್."

ಪಕ್ಕದಲ್ಲಿದ್ದ ಇಬ್ಬರು ನಕ್ಕರು. ಸಿಲಾಸ್ ತಲೆ ಎತ್ತಿದ.

ನಕ್ಕ ಇಬ್ಬರೂ ಅದೇ ತಿಂಗಳು ಸತ್ತರು. ಎಚ್ಚರಿಸಿದರೂ ಕೇಳದೆ ಸಿಲಾಸ್ ಶೋಕಿಗೆ ತಲೆ ಎತ್ತಿದನೆಂದು ಕ್ರಾಬ್ ವರದಿ ಬರೆದ. ಆಮೇಲೆ ಕಾಲಿಗೆ ಪೆಟ್ಟು ಮಾಡಿಕೊಂಡು ಊರಿಗೆ ಮರಳಿ, ಇಂಗ್ಲೆಂಡಿನ ಓಲ್ಡಂನಲ್ಲಿ ಮಾವನ ಪಬ್ಬನ್ನು ನಡೆಸತೊಡಗಿದ. ಸಿಲಾಸ್‌ನದೂ ಅದೇ ಬೀದಿ. ಕೆಂಟ್‌ನ ಆಸ್ಪತ್ರೆಯಲ್ಲಿ ಕೊಳವೆಯ ಬಟ್ಟಲಿನಿಂದ ಹಾಲು ಕುಡಿಯುತ್ತಿದ್ದ ಮಗನಿಗೆ ಅಪ್ಪ ಜೋಬ್ ಬರೆದದ್ದು ಒಂದೇ ಕಾಗದ: "ಹರ್ಬರ್ಟ್ ಕ್ರಾಬ್ ಎಲ್ಲಾ ಹೇಳಿದ. ಮೆರೆಯೋಕೆ ಹೋಗಿ ಮುಖ ಕಳ್ಕೊಂಡ ಮಗನ್ನ ನೋಡೋಕೆ ನನಗೆ ಕಾಲು ಏಳ್ತಾ ಇಲ್ಲ."

ಆ ಕಾಗದವನ್ನು ಸಿಲಾಸ್ ಹರಿಯಲಿಲ್ಲ. ನೋವು ತಡೆಯಲಾರದಾದಾಗ ತೆಗೆದು ಓದುತ್ತಿದ್ದ. ಓದಿದರೆ ನೋವಿನ ಜಾಗದಲ್ಲಿ ಸಿಟ್ಟು ಬಂದು ಕೂರುತ್ತಿತ್ತು. ಸಿಟ್ಟನ್ನು ಸಹಿಸುವುದು ಸುಲಭವಾಗಿತ್ತು.

ಡಾಕ್ಟರ್ ಮೆಲ್ವಿಲ್ ಅವನ ಸೊಂಟದ ಮೂಳೆಯ ಚೂರು ತೆಗೆದು ದವಡೆ ಕೂರಿಸಿದರು. ತುಟಿ, ಗಲ್ಲಕ್ಕೆಂದು ಎದೆಯ ಚರ್ಮವನ್ನು ಪಟ್ಟಿಯಾಗಿ ಎಬ್ಬಿಸಿ, ಕೊಳವೆಯಂತೆ ಸುತ್ತಿ ಹೊಲಿದು, ಒಂದು ತುದಿಯನ್ನು ಕೆನ್ನೆಗೆ ಸೇರಿಸಿದರು. ಕೆನ್ನೆಯಿಂದ ಆ ಕೊಳವೆಗೆ ರಕ್ತ ಹರಿಯತೊಡಗಿದ ಮೇಲೆ ಎದೆಯ ಕಡೆಯ ತುದಿಯನ್ನು ಕತ್ತರಿಸಿದರು. "ಇನ್ನು ಎರಡು ವಾರ ತಡ್ಕೊ. ಇದನ್ನ ಬಿಚ್ಚಿ ಹರಡಿದ್ರೆ ನಿನಗೆ ತುಟಿ."

ಸಿಲಾಸ್ ಸ್ಲೇಟಿನಲ್ಲಿ ಬರೆದ: "ಮಾತು?"

"ಯಾರ ಹತ್ರ ಮಾತಾಡೋಕೆ ಅಷ್ಟೊಂದು ಅವಸರ? ಹುಡುಗಿನಾ?" ಡಾಕ್ಟರ್ ನಕ್ಕರು.

ಮರುವಾರ ಊರಿನ ಗೆಳೆಯನೊಬ್ಬ ಕಾಗದ ಬರೆದ: ಸಿಲಾಸ್ ತಲೆ ಎತ್ತಿದ ಕಥೆಯನ್ನು ಕ್ರಾಬ್ ಈಗ ಪಬ್ಬಿನಲ್ಲಿ ಅಭಿನಯ ಮಾಡಿ ತೋರಿಸುತ್ತಾನೆ, ಜನ ಹೊಟ್ಟೆ ಹಿಡಿದು ನಗುತ್ತಾರೆ. ಮರುದಿನ ಸಿಲಾಸ್‌ನ ಹಾಸಿಗೆ ಖಾಲಿಯಿತ್ತು.

ಶನಿವಾರ ಮಧ್ಯಾಹ್ನ, ಗಿರಣಿ ಬಿಟ್ಟ ಜನ ತುಂಬಿದ್ದಾಗ, ಅವನು ಆಸ್ಪತ್ರೆಯ ಗಾಯಾಳುಗಳಿಗೆ ಕೊಡುವ ನೀಲಿ ಉಡುಪಿನಲ್ಲೇ ಕ್ರಾಬ್‌ನ ಪಬ್ಬಿನೊಳಗೆ ಬಂದು, ಬಿಯರ್ ಸುರಿದುಕೊಡುವ ಕಟ್ಟೆಯೆದುರಿನ ಮೇಜಿಗೆ ಕೂತು ಬ್ಯಾಂಡೇಜು ಬಿಚ್ಚಿದ. ಕೆನ್ನೆಯಿಂದ ಮಾಂಸದ ಕೊಳವೆ ನೇತಾಡುತ್ತಿತ್ತು. ಗಲ್ಲವಿರಬೇಕಾದಲ್ಲಿ ಜೊಲ್ಲು ಇಳಿಯುತ್ತಿತ್ತು.

"ಯಾವ ಪಡೆ ಅಪ್ಪಾ ನಿಂದು?" ಕ್ರಾಬ್‌ಗೆ ಗುರುತು ಸಿಗಲಿಲ್ಲ. "ನೀಲಿ ಉಡುಪಿನವರಿಗೆ ಬಿಯರ್ ಕೊಡೋ ಹಂಗಿಲ್ಲ, ಗೊತ್ತಲ್ಲ?"

"ಸಿಲಾಸ್," ಎಂದ ಅವನು. ತುಟಿಯಿಲ್ಲದೆ ಆಡಬಹುದಾದ ಹೆಸರದು. ಕ್ರಾಬ್‌ನ ಹೆಸರಿಗೆ ತುಟಿ ಕೂಡಬೇಕು, ಅದು ಅವನ ಬಾಯಿಗೆ ಬರುತ್ತಿರಲಿಲ್ಲ.

ಗಾಯಾಳು ಸೈನಿಕನನ್ನು ಹೊರದಬ್ಬುವ ಧೈರ್ಯ ಆ ಊರಿನಲ್ಲಿ ಯಾರಿಗೂ ಇರಲಿಲ್ಲ. ರಾತ್ರಿ ಕಾಗದ ಬರೆದ ಗೆಳೆಯನ ಮನೆಯಲ್ಲಿ ಮಲಗಿ, ಸಿಲಾಸ್ ದಿನಾ ಬಾಗಿಲು ತೆಗೆಯುವ ಹೊತ್ತಿಗೆ ಬಂದ. ಕುಡಿಯಲಿಲ್ಲ, ಕದಲಲಿಲ್ಲ, ಕ್ರಾಬ್‌ನನ್ನೇ ನೋಡುತ್ತಿದ್ದ. ಜನ ಒಬ್ಬೊಬ್ಬರಾಗಿ ಬೇರೆ ಪಬ್ಬಿಗೆ ನಡೆದರು. ಕ್ರಾಬ್ ಒರೆಸಿದ ಗ್ಲಾಸನ್ನೇ ಮತ್ತೆ ಮತ್ತೆ ಒರೆಸುವುದನ್ನು ಕಂಡಾಗ ಸಿಲಾಸ್‌ನ ಮೈಯೆಲ್ಲ ಬೆಚ್ಚಗಾಗುತ್ತಿತ್ತು. ಮೂರನೆಯ ದಿನ ಕೊಳವೆಯ ತುದಿ ವಾಸನೆ ಹೊಡೆಯತೊಡಗಿತು. ಅದರ ಅರ್ಥ ಅವನಿಗೆ ಗೊತ್ತಿತ್ತು. ಆದರೂ ಏಳಲಿಲ್ಲ.

ಸುದ್ದಿ ಕೇಳಿಯೂ ಐದು ದಿನ ಬಾರದಿದ್ದ ಜೋಬ್, ಆರನೆಯ ದಿನ ಯಾರೋ ಬಲವಂತ ಮಾಡಿದ ಮೇಲೆ ಬಂದು ಬಾಗಿಲಲ್ಲಿ ನಿಂತ. ಮಗನ ಮುಖ ನೋಡಿ ಬಾಗಿಲ ಚೌಕಟ್ಟು ಹಿಡಿದುಕೊಂಡ.

"ಜೋಬ್, ನಿನ್ನ ದಮ್ಮಯ್ಯ, ಇವನ್ನ ಕರ್ಕೊಂಡು ಹೋಗು! ನನ್ನ ಸಂಸಾರ ಬೀದಿಗೆ ಬೀಳುತ್ತೆ," ಎಂದ ಕ್ರಾಬ್.

ಸಿಲಾಸ್ ಎದ್ದು ಕಟ್ಟೆಯ ಹತ್ತಿರ ಹೋದ. ಒಂದೊಂದೇ ಪದವನ್ನು ಗಂಟಲಿನಿಂದ ಎಳೆದು ತೆಗೆದ. "ಆ ದಿನ... ನೀನು ನಂಗೆ... ಏನ್ ಹೇಳ್ದೆ?"

ಕ್ರಾಬ್ ಕಟ್ಟೆಯ ಹಿಂದಿದ್ದ ತನ್ನ ಹೆಂಡತಿಯ ಕಡೆ ನೋಡಿದ, ಜೋಬ್‌ನ ಕಡೆ ನೋಡಿದ. ಆಮೇಲೆ ಕಿರುಚಿದ: "ಎತ್ತು ಅಂದೆ! ತಲೆ ಎತ್ತು, ಆರ್ಡರ್ ಅಂದೆ! ತಮಾಷೆಗೆ ಕಣೋ... ಗುಂಡು ಬರುತ್ತೆ ಅಂತ ನಾನೇನು ಕನಸು ಕಂಡಿದ್ನಾ?" ಕಟ್ಟೆಗೆ ಹಣೆಯಿಟ್ಟು ಅತ್ತ. "ಕ್ಷಮಿಸು ಥಾರ್ಪ್."

"ಇಲ್ಲ," ಎಂದ ಸಿಲಾಸ್.

ಜೋಬ್ ಟೋಪಿ ತೆಗೆದು ಮಗನ ಮುಂದೆ ನಿಂತ. ಆ ಸಂಜೆ ಜ್ವರದಿಂದ ಸುಡುತ್ತಿದ್ದ ಮಗನನ್ನು ಅವನೇ ರೈಲು ಹತ್ತಿಸಿ ಆಸ್ಪತ್ರೆಗೆ ಕರೆತಂದ.

ಕಪ್ಪಾಗಿದ್ದ ಕೊಳವೆಯನ್ನು ಡಾಕ್ಟರ್ ಕತ್ತರಿಸಿ ತಟ್ಟೆಗೆ ಹಾಕಿದರು. "ಐದು ತಿಂಗಳ ಕೆಲಸ ಮಣ್ಣು ಮಾಡಿದ್ಯಲ್ಲೋ ಮಾರಾಯಾ. ಹೋಗಿದ್ದ ಕೆಲಸವಾದ್ರೂ ಆಯ್ತಾ?"

ಸಿಲಾಸ್ ಹೌದೆಂದು ತಲೆಯಾಡಿಸಿದ.

"ಸರಿ, ಅಂಗಿ ಬಿಚ್ಚು. ಎದೆಯ ಎಡಗಡೆ ಇನ್ನೂ ಚರ್ಮ ಇದೆ."

ಜೂನ್ ತಿಂಗಳಲ್ಲಿ ಜೋಬ್ ಮತ್ತೆ ನೋಡಲು ಬಂದಾಗ ಸಿಲಾಸ್ ಹೊಸ ಕೊಳವೆಯಿಂದಾಗಿ ಕತ್ತು ಬಗ್ಗಿಸಿಕೊಂಡೇ ಮಲಗಿದ್ದ. ಅಪ್ಪ ಸುದ್ದಿ ಹೇಳಿದ: ಕ್ರಾಬ್‌ನ ಪಬ್ಬಿಗೆ ಒಬ್ಬನೂ ಕಾಲಿಡುತ್ತಿರಲಿಲ್ಲ, ಹೆಂಡತಿ ತವರಿಗೆ ಹೋದಳು, ಮೊನ್ನೆ ಒಂದು ಪೆಟ್ಟಿಗೆ ಹೊತ್ತು, ಕುಂಟುತ್ತಾ, ಯಾರಿಗೂ ಹೇಳದೆ ಅವನು ಊರು ಬಿಟ್ಟ.

ಸಿಲಾಸ್ ಕಣ್ಣು ಮುಚ್ಚಿ ಕೇಳಿದ. ಆಮೇಲೆ ಸ್ಲೇಟು ಎಳೆದುಕೊಂಡು ಬರೆದ: "ಇನ್ನೊಂದ್ಸಲ ಹೇಳು. ನಿಧಾನವಾಗಿ."