ಹದಿನಾರನೆಯ ಗುಂಡಿ

ಮರದ ಡಿಪೊ ಯಜಮಾನನ ಮೇಜಿನ ಮೇಲೆ ಮೂರು ತಂಡಗಳ ದರಪಟ್ಟಿ ಇತ್ತು. ನನ್ನದು ಎಲ್ಲಕ್ಕಿಂತ ಕಡಿಮೆ, ಉಳಿದಿಬ್ಬರು ಕೇಳಿದ ಕೂಲಿಯ ಅರ್ಧ. ಅಷ್ಟಕ್ಕೆ ಕಂಬದ ಶೆಡ್ಡು ಕಟ್ಟಿದರೆ ನನ್ನ ಆರು ಜನಕ್ಕೆ ಊಟ ಹಾಕಿ, ಹಾರೆಯ ಮೊನೆ ಬಡಿಸುವಷ್ಟೂ ಉಳಿಯುವುದಿಲ್ಲ. ನಲವತ್ತು ವರ್ಷ ಮರದ ವ್ಯಾಪಾರ ಮಾಡಿದವನಿಗೆ ಅದು ಗೊತ್ತಿತ್ತು.

"ಏನಮ್ಮ, ಲೆಕ್ಕ ತಪ್ಪಿದೀಯೋ, ಇಲ್ಲ ಕೆಲಸ ಇಲ್ದೆ ನೊಣ ಹೊಡೀತಾ ಕೂತಿದ್ಯೋ?"

"ಒಂದು ಷರತ್ತಿದೆ," ಎಂದೆ. "ಹಳೇ ಶೆಡ್ಡು ಬಿಚ್ಚೋದು ನಾವೇ, ಕಂಬ ಕೀಳೋದೂ ನಾವೇ. ಕಿತ್ತ ಕಂಬ ನನಗೆ."

"ಆ ಮುದಿ ಕಂಬಾನಾ? ಏನ್ಮಾಡ್ತೀಯ?"

"ಒಲೆಗೆ."

ಅವನು ನಕ್ಕ. ನಗುತ್ತಲೇ ಷರತ್ತನ್ನು ಕಾಗದದಲ್ಲಿ ಬರೆದು ರುಜು ಹಾಕಿ, ಪಕ್ಕದಲ್ಲಿದ್ದ ಮರದ ತುಂಡಿಗೆ ಸೊಂಟದ ಸುತ್ತಿಗೆಯಿಂದ ಸುಮ್ಮನೆ ಒಂದೇಟು ಹಾಕಿದ. ತುಂಡಿನ ಮೇಲೆ ಗುರುತು ಮೂಡಿತು: ದುಂಡನೆಯ ಗೆರೆಯೊಳಗೆ ಒಂದು ಕೊಡಲಿ. ಅದು ಅವನ ಮುದ್ರೆ ಸುತ್ತಿಗೆ. ಡಿಪೊದಲ್ಲಿ ಯಾವ ಮರ ಕೊಯ್ದರೂ ಹೊಸದಾಗಿ ಕೊಯ್ದ ತುದಿಗೆ ಅವನೇ ಮುದ್ರೆ ಒತ್ತಬೇಕು. ಕಳ್ಳತನದ ಭಯ. ಮಗನ ಕೈಗೂ ಆ ಸುತ್ತಿಗೆ ಕೊಟ್ಟವನಲ್ಲ, ಮಲಗುವಾಗಲೂ ದಿಂಬಿನ ಕೆಳಗೆ ಇಟ್ಟುಕೊಳ್ಳುತ್ತಾನೆ ಎಂದು ಕೆಲಸದವರು ಆಡಿಕೊಳ್ಳುತ್ತಾರೆ.

ನಾನು ಆ ಗುರುತನ್ನೇ ನೋಡುತ್ತಿದ್ದೆ. ಹತ್ತೊಂಬತ್ತು ವರ್ಷಗಳಿಂದ ಊಟಕ್ಕೆ ಕೂತಾಗಲೆಲ್ಲ ಅದರ ವರ್ಣನೆ ಕೇಳಿದ್ದೆ.

ಕಂಬದ ಶೆಡ್ಡಿಗೆ ಅಡಿಪಾಯವಿಲ್ಲ. ನೆಲದೊಳಗೆ ಹೂತ ಕಂಬವೇ ಅಡಿಪಾಯ. ಮಾಡು ಹೊದಿಸುವುದು ನಾಲ್ಕು ದಿನದ ಕೆಲಸ. ಕೂಲಿಯಲ್ಲಿ ದೊಡ್ಡ ಪಾಲು ನುಂಗುವುದು ಗುಂಡಿಗಳೇ. ಹಾಗಾಗಿ ಕೂಲಿ ಉಳಿಸಬೇಕೆನ್ನುವವನು ಮೊದಲು ಕೈಹಾಕುವುದು ಆಳಕ್ಕೆ. ಮಣ್ಣು ಮುಚ್ಚಿದ ಮೇಲೆ ಯಾರು ನೋಡುತ್ತಾರೆ?

ಆ ಹಳೇ ಶೆಡ್ಡು ಕಟ್ಟಿದವನು ನಮ್ಮಪ್ಪ. ಅವನನ್ನು ಎಲ್ಲರೂ ನೂಲು ಮೇಸ್ತ್ರಿ ಎನ್ನುತ್ತಿದ್ದರು. ಒಂದು ನೂಲಿನಷ್ಟು ಆಚೀಚೆಯಾದರೂ ಕಂಬ ಎಬ್ಬಿಸಿ ಮತ್ತೆ ನಿಲ್ಲಿಸುವವನು. ಅವನ ಅಳತೆಗೋಲಿನಲ್ಲಿ ನಾಲ್ಕೂವರೆ ಅಡಿಗೆ ಸರಿಯಾಗಿ ತಾಮ್ರದ ತಂತಿ ಸುತ್ತಿತ್ತು. ಅಷ್ಟು ಆಳವಿಲ್ಲದ ಗುಂಡಿಯಲ್ಲಿ ಅವನು ಕಂಬ ಇಳಿಸಿದವನಲ್ಲ. ಇಲ್ಲಿ ಮಾತ್ರ ಮೂರಡಿಗೇ ಕಲ್ಲು ಸಿಕ್ಕಿತು. ಕಲ್ಲು ಒಡೆಯಲು ಬೇರೆ ಕೂಲಿ ಆಗುತ್ತದೆ ಎಂದ ಅಪ್ಪ. ಒಂದು ಕಾಸು ಜಾಸ್ತಿ ಕೊಡುವುದಿಲ್ಲ, ಕಂಬದ ಬುಡ ಒಂದೂವರೆ ಅಡಿ ಕೊಯ್ದು ಹಾಗೇ ನಿಲ್ಲಿಸು, ಇಲ್ಲವಾದರೆ ಈವರೆಗಿನ ಕೂಲಿಯೂ ಇಲ್ಲ ಎಂದ ಯಜಮಾನ. ಜೊತೆಯವರ ಮನೆಯಲ್ಲಿ ಒಲೆ ಉರಿಯಬೇಕಿತ್ತು. ಅಪ್ಪ ಕೊಯ್ದ.

ಎರಡನೆಯ ಮಳೆಗಾಲಕ್ಕೆ ಶೆಡ್ಡು ವಾಲಿತು, ಆಸರೆ ಕೊಟ್ಟು ನಿಲ್ಲಿಸಬೇಕಾಯಿತು. ಮೇಸ್ತ್ರಿ ತನಗೆ ಗೊತ್ತಿಲ್ಲದೆ ಕಂಬ ಕೊಯ್ದು ತುಂಡು ಮಾರಿಕೊಂಡ ಎಂದು ಯಜಮಾನ ಊರೆಲ್ಲ ಹೇಳಿದ. "ಕೊಯ್ದ ಬುಡಕ್ಕೆ ಅವನೇ ನಿಂತು ಮುದ್ರೆ ಹೊಡೆದ, ಆಮೇಲೆ ನಾನು ಡಾಂಬರು ಬಳಿದೆ" ಎಂದು ಅಪ್ಪ ಹೇಳಿದ್ದನ್ನು ಯಾರೂ ನಂಬಲಿಲ್ಲ. ಮುದ್ರೆ ಮಣ್ಣಿನೊಳಗಿತ್ತು. ಅಂದಿನಿಂದ ಅವನನ್ನು ಯಾರೂ ಕೆಲಸಕ್ಕೆ ಕರೆಯಲಿಲ್ಲ. ನಾನು ಆಗ ಒಂಬತ್ತು ವರ್ಷದವಳು. ನಿಜ ಹೇಳಬೇಕೆಂದರೆ, ದೊಡ್ಡವಳಾಗಿ ಇದೇ ಕೆಲಸ ಹಿಡಿದ ಮೇಲೆ ನನಗೂ ಒಮ್ಮೊಮ್ಮೆ ಅನುಮಾನ ಬಂದಿತ್ತು. ತಾನೇ ಮಾಡಿಸಿದ ಮೋಸಕ್ಕೆ ಯಾರಾದರೂ ತಾನೇ ಮುದ್ರೆ ಒತ್ತುತ್ತಾರೆಯೇ?

ಎರಡು ದಿನದಲ್ಲಿ ಮಾಡು, ಗೋಡೆ ಎಲ್ಲ ಬಿಚ್ಚಿ ಇಳಿಸಿದೆವು. ಶೆಡ್ಡಿನೊಳಗೆ ಮಾರಾಟಕ್ಕೆಂದು ವರ್ಷಗಟ್ಟಲೆ ಒಣಗಿಸಿದ ಹಲಗೆಗಳು ಬಯಲಿಗೆ ಬಿದ್ದವು. ಮೂರನೆಯ ದಿನ ಮೊದಲ ಕಂಬದ ಸುತ್ತ ಅಗಲವಾಗಿ ಅಗೆದು ಮಲಗಿಸಿದೆವು. ಬುಡ ಕೊಳೆತಿತ್ತು. ಮುಟ್ಟಿದರೆ ಉದುರಿತು.

ಅಕ್ಕನ ಗಂಡ, ನಮ್ಮ ಭಾವ, ಹಾರೆಗೆ ಒರಗಿ ನಿಂತ. "ನಿಮ್ಮಪ್ಪನ ಮಾತು ನಂಬಿ ಅರ್ಧ ಕೂಲಿಗೆ ಬಂದಿದೀವಿ. ಇನ್ನು ಹದಿನೈದು ಹೀಗೇ ಇದ್ರೆ ನಿಮ್ಮಕ್ಕ ನನ್ನನ್ನೇ ಗುಂಡೀಲಿ ನಿಲ್ಸಿ ಮಣ್ಣು ಮುಚ್ತಾಳೆ."

"ನಿಮ್ಗೆ ನಾಲ್ಕೂವರೆ ಅಡಿ ಸಾಲಲ್ಲ ಭಾವ. ಅಗೀರಿ."

ಎರಡನೆಯ ಕಂಬದ ಬುಡ ಗಟ್ಟಿಯಾಗಿತ್ತು. ಅದರ ಡಾಂಬರನ್ನು ನಾನೇ ಚಾಕುವಿನಿಂದ ಕೆರೆದೆ. ಮೊದಲು ಒಂದು ಬಾಗಿದ ಗೆರೆ ಕಂಡಿತು. ಆಮೇಲೆ ಕೊಡಲಿಯ ಕಾವು. ಆಮೇಲೆ ಇಡೀ ಕೊಡಲಿ, ನಿನ್ನೆ ಹೊಡೆದಷ್ಟು ನಿಚ್ಚಳವಾಗಿ.

ಭಾವ ಬಗ್ಗಿ ನೋಡಿದ. "ಮುದ್ರೆ ಒತ್ತದೆ ಕೈ ಸುಮ್ಮನಿರಲ್ಲ ಆ ಮನುಷ್ಯಂಗೆ," ಎಂದ ಮೆಲ್ಲಗೆ. "ತುರಿಕೆ ಥರ."

ಹದಿನಾರರಲ್ಲಿ ಹದಿಮೂರು ಕಂಬಗಳ ಮೇಲೆ ಮುದ್ರೆ ಇತ್ತು. ಕಂಬಗಳು ನನ್ನವು ಎಂದು ಕಾಗದವಿತ್ತು. ಡಿಪೊ ಗೇಟಿನ ಎದುರು ರಸ್ತೆಯುದ್ದಕ್ಕೂ ಮಲಗಿಸಿದೆ, ಬುಡಗಳು ಬೀದಿಯ ಕಡೆಗೆ. ದರಪಟ್ಟಿ ಕೊಟ್ಟಿದ್ದ ಆ ಇಬ್ಬರು ಮೇಸ್ತ್ರಿಗಳಿಗೂ ಹೇಳಿಕಳಿಸಿದೆ. ಅವರಲ್ಲಿ ಹಿರಿಯವನು ಒಂದು ಕಾಲದಲ್ಲಿ ಅಪ್ಪನ ಜೊತೆ ದುಡಿದವನು, ಆಮೇಲೆ ಅಪ್ಪನನ್ನು ಕಂಡರೆ ರಸ್ತೆಯ ಆ ಬದಿಗೆ ದಾಟುತ್ತಿದ್ದವನು. ಅವನು ಕುಕ್ಕರುಗಾಲಿನಲ್ಲಿ ಕೂತು ಒಂದೊಂದು ಮುದ್ರೆಯನ್ನೂ ಹೆಬ್ಬೆರಳಿನಿಂದ ಸವರಿದ. ಎದ್ದಾಗ ಮುಖ ಕಪ್ಪಿಟ್ಟಿತ್ತು.

"ಇವನ ಕೆಲಸಕ್ಕೆ ಇನ್ನು ಯಾವನಾದ್ರೂ ಹಾರೆ ಎತ್ತಲಿ, ನೋಡ್ತೀನಿ," ಎಂದಷ್ಟೇ ಹೇಳಿ ಹೋದ.

ಮಧ್ಯಾಹ್ನದ ಹೊತ್ತಿಗೆ ಯಜಮಾನ ನನ್ನನ್ನು ಒಳಗೆ ಕರೆಸಿದ. ಕಿಟಕಿಯಾಚೆ ಮೋಡ ಕಟ್ಟುತ್ತಿತ್ತು. ಇದ್ದಬದ್ದ ಟಾರ್ಪಾಲೆಲ್ಲ ಹೊದಿಸಿದರೂ ಅರ್ಧ ಹಲಗೆಗಳು ಬತ್ತಲೆಯಾಗಿದ್ದವು. ಒಂದು ಮಳೆ ಸಾಕು, ಸೆಟೆದು ಸೌದೆಯಾಗುತ್ತವೆ.

"ನೂಲು ಮೇಸ್ತ್ರಿ ಮಗಳಾ ನೀನು? ಮೊದಲೇ ಹೇಳ್ಬಾರ್ದಿತ್ತಾ?"

"ನೀವು ಕೇಳ್ಲಿಲ್ಲ. ದರ ಮಾತ್ರ ನೋಡಿದ್ರಿ."

"ಸರಿ, ಎಷ್ಟು ಬೇಕು ಹೇಳು. ಕಂಬ ರಸ್ತೆಯಿಂದ ತೆಗೆಸು, ಕೆಲಸ ಶುರು ಮಾಡು."

"ಒಪ್ಪಿದ ಕೂಲಿನೇ ಸಾಕು, ಒಂದು ಕಾಸೂ ಜಾಸ್ತಿ ಬೇಡ. ಆದ್ರೆ ಅದು ಹದಿನೈದು ಗುಂಡಿಗೆ."

"ಶೆಡ್ಡಿಗೆ ಹದಿನಾರಲ್ವಾ?"

"ಹದಿನಾರನೇದು ನೀವು ತೋಡ್ತೀರಿ. ಹಳೇ ಗುಂಡಿ ಮೂರಡಿ ಇದ್ದೇ ಇದೆ. ಉಳಿದಿರೋದು ಆ ಒಂದೂವರೆ ಅಡಿ ಕಲ್ಲು. ನಿಮ್ಮ ಕೈಯಲ್ಲೇ. ಅಪ್ಪ ಬಂದು ಅಳೀತಾರೆ. ಅವರು ಸರಿ ಅಂದ ಮೇಲೆ ನಮ್ಮ ಹಾರೆ ಏಳುತ್ತೆ."

"ನಂಗೆ ಅರವತ್ತಾರು ವರ್ಷ ಕಣಮ್ಮ."

"ಅಪ್ಪಂಗೆ ಎಪ್ಪತ್ತೊಂದು."

ಅವನು ಬೇರೆ ತಂಡಗಳಿಗೆ ಫೋನು ಮಾಡಿದ. ನಾನು ಎದುರಿಗೇ ಕೂತು ಕೇಳಿಸಿಕೊಂಡೆ. ಒಬ್ಬನಿಗೆ ಜ್ವರ, ಒಬ್ಬನ ಗಾಡಿ ಕೆಟ್ಟಿದೆ, ಒಬ್ಬ ಇವನ ದನಿ ಕೇಳಿದ್ದೇ ಇಟ್ಟುಬಿಟ್ಟ. ನನಗೆ ಎಷ್ಟು ಹಿತವಾಗಿತ್ತೆಂದರೆ ಅವನು ಇನ್ನೂ ನಾಲ್ಕು ಜನಕ್ಕೆ ಫೋನು ಮಾಡಲಿ ಅನ್ನಿಸಿತು.

ಮರುದಿನ ಬೆಳಿಗ್ಗೆ ಭಾವ ಅಪ್ಪನನ್ನು ಗಾಡಿಯಲ್ಲಿ ಕರೆತಂದು, ಗುಂಡಿಯ ಪಕ್ಕ ಕುರ್ಚಿ ಹಾಕಿ ಕೂರಿಸಿದ. ಅಪ್ಪ ಒಗೆದ ಅಂಗಿ ತೊಟ್ಟು ಅಳತೆಗೋಲನ್ನು ಮಡಿಲಲ್ಲಿಟ್ಟುಕೊಂಡಿದ್ದ. ರಸ್ತೆಯಲ್ಲಿ ಮಲಗಿದ್ದ ಕಂಬಗಳನ್ನು ಅವನು ಒಂದೇ ಒಂದು ಸಲ ನೋಡಿದ್ದ. ಮುದ್ರೆ ಮುಟ್ಟಲಿಲ್ಲ. ಅದು ಅಲ್ಲಿದೆ ಎಂದು ಅವನಿಗೆ ಮೊದಲೇ ಗೊತ್ತಿತ್ತಲ್ಲ. ನನ್ನ ಕಡೆ ತಿರುಗಿ, "ನೀನೂ ನಂಬಿರ್ಲಿಲ್ಲ, ಅಲ್ವಾ?" ಎಂದು ಕೇಳಿದ. ನಾನು ತಲೆ ತಗ್ಗಿಸಿದೆ.

ಯಜಮಾನ ಗುಂಡಿಗಿಳಿದ. ಹಾರೆ ಕಲ್ಲಿಗೆ ತಾಗಿ ಪುಟಿದು ಅವನ ಭುಜ ಅಲ್ಲಾಡಿಸಿತು. ಗೇಟಿನ ಬಳಿ ಜನ ಸೇರಿದರು, ಅವನದೇ ಕೆಲಸದವರೂ ಗರಗಸ ನಿಲ್ಲಿಸಿ ಬಂದರು. ಸಂಜೆಗೆ ಒಂದು ಗೇಣು ಇಳಿದಿತ್ತು. ಮರುದಿನ ಅಂಗೈಗೆ ಬಟ್ಟೆ ಸುತ್ತಿಕೊಂಡು ಬಂದ. ಸೊಂಟದ ಸುತ್ತಿಗೆ ಬಗ್ಗಿದಾಗಲೆಲ್ಲ ಪಕ್ಕೆಗೆ ಚುಚ್ಚುತ್ತಿತ್ತು; ಕೊನೆಗೆ ಬಿಚ್ಚಿ ಮಣ್ಣಿನ ಮೇಲಿಟ್ಟ. ಅಪ್ಪ ಎರಡೂ ದಿನ ಊಟಕ್ಕಲ್ಲದೆ ಕುರ್ಚಿಯಿಂದ ಏಳಲಿಲ್ಲ.

ಎರಡನೆಯ ದಿನ ಇಳಿಹೊತ್ತಿಗೆ ಗಾಳಿ ತಣ್ಣಗಾಯಿತು. ಯಜಮಾನ ಹಾರೆ ಒರಗಿಸಿ, ಗುಂಡಿಯ ಗೋಡೆಗೆ ಹಣೆ ಕೊಟ್ಟು ಏದುಸಿರು ಬಿಟ್ಟ.

"ಆಯ್ತು ಮೇಸ್ತ್ರಿ. ಅಳೆದುಬಿಡಿ."

ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ ಯಾರೋ ಅಪ್ಪನನ್ನು ಹಾಗೆ ಕರೆದಿದ್ದರು. ಅವನು ಎದ್ದ. ಗುಂಡಿಯಂಚಿನಲ್ಲಿ ಮಂಡಿಯೂರಿ ಕೋಲು ಇಳಿಸಿದ. ಅದು ತಳದ ಕಲ್ಲಿಗೆ ತಾಗಿದ ಸದ್ದು ನನಗೆ ಕೇಳಿಸಿತು. ಕೋಲನ್ನು ಅವನು ನೆಲದ ಮಟ್ಟದಲ್ಲಿ ಮುಷ್ಟಿಯಾಗಿ ಹಿಡಿದಿದ್ದ. ಬೆರಳ ಸಂದಿಯಲ್ಲಿ ತಾಮ್ರದ ತಂತಿ ಹೊಳೆಯಿತು, ಅಂಚಿಗೆ ಸರಿಯಾಗಿ, ಒಂದು ನೂಲೂ ಆಚೀಚೆ ಇಲ್ಲದೆ.

ಅಪ್ಪ ಬೆರಳುಗಳನ್ನು ಬಿಗಿ ಮಾಡಿದ. ತಂತಿ ಮರೆಯಾಯಿತು.

"ಇನ್ನೂ ಅರ್ಧ ಅಡಿ," ಎಂದ.

ಭಾವ ನನ್ನ ಮುಖ ನೋಡಿದ. ನಾನು ಮೋಡ ನೋಡಿದೆ. ಯಜಮಾನ ಒರಗಿಸಿದ್ದ ಹಾರೆಗೆ ಕೈ ಚಾಚಿದ. ಆಮೇಲೆ ಹಾರೆ ಮತ್ತೆ ಕಲ್ಲಿಗೆ ಬಿತ್ತು.